ಬಣ್ಣ ತಿಂದ ಹುಳು

ಬೆಳಗಾದರೆ ಆ ಬೀದಿಯಲ್ಲಿ ಒಂದು ಹೊರೆ ಹಿಪ್ಪುನೇರಳೆ ಸೊಪ್ಪು ತನ್ನಷ್ಟಕ್ಕೆ ತಾನೇ ನಡೆದು ಬರುತ್ತಿತ್ತು. ಹತ್ತಿರ ಬಂದ ಮೇಲೆ ಅದರ ಕೆಳಗೆ ಎರಡು ಬರಿಗಾಲು, ಸೊಂಟಕ್ಕೆ ಸಿಕ್ಕಿಸಿದ ಕುಡುಗೋಲು ಕಾಣುತ್ತಿದ್ದವು. ಮುಖ ಕಾಣುವುದು ಹೊರೆ ಇಳಿಸಿದ ಮೇಲೆ. “ಸೊಪ್ಪಿಗೆ ಕಾಲು ಬಂದಿದೆ ನೋಡ್ರೋ” ಎಂದು ಎದುರು ಮನೆಯ ದರ್ಜಿ ದಿನಾ ಅದೇ ತಮಾಷೆ ಮಾಡುತ್ತಿದ್ದ. “ನಿನ್ನ ನಾಲಿಗೆಗೂ ಎರಡು ಹೊಲಿಗೆ ಹಾಕ್ಕೋ” ಎಂದು ಸೊಪ್ಪಕ್ಕ ದಿನಾ ಅದೇ ಉತ್ತರ ಕೊಡುತ್ತಿದ್ದಳು.

ಸೊಪ್ಪಕ್ಕ ಇದ್ದದ್ದು ಅಣ್ಣನ ಮನೆಯಲ್ಲಿ. ಮದುವೆಯಾಗಿ ಹೋದವಳು ಮದುವೆಯ ಬಟ್ಟೆ ಹಳತಾಗುವ ಮೊದಲೇ ತಿರುಗಿ ಬಂದಿದ್ದಳು. ಏನಾಯಿತೆಂದು ಅವಳು ಹೇಳಲಿಲ್ಲ, ಕೆದಕಿ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಆಗ ತಾಯಿ ಇನ್ನೂ ಇದ್ದಳು. ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತ ಮಗಳನ್ನು ಆ ತಾಯಿ ನೇರವಾಗಿ ಹಿತ್ತಿಲಿನ ಹುಳುಮನೆಗೆ ಕರೆದುಕೊಂಡು ಹೋಗಿ, ಒಂದು ದೊಡ್ಡ ಬಿದಿರಿನ ತಟ್ಟೆಯ ಮುಂದೆ ಕೂರಿಸಿದಳು. “ಹೊಲ ನಿಮ್ಮಣ್ಣಂದು. ಮನೆ ಅವನ ಹೆಂಡ್ತೀದು. ಇದು ನಿಂದು. ಇದಿರೋ ತನಕ ಈ ಮನೇಲಿ ನಿನ್ನನ್ನ ಯಾರೂ ಏಳು ಅನ್ನೋ ಹಾಗಿಲ್ಲ” ಎಂದಳು.

ತಟ್ಟೆಯಲ್ಲಿದ್ದದ್ದು ಹಳದಿ ಗೂಡು ಕಟ್ಟುವ ಜಾತಿಯ ರೇಷ್ಮೆ ಹುಳು. ಸುತ್ತಮುತ್ತ ಹುಳು ಸಾಕುವವರೆಲ್ಲ ಹೊರಗಿನಿಂದ ಮೊಟ್ಟೆ ತರಿಸಿ, ದಪ್ಪ ದಪ್ಪ ಬಿಳಿ ಗೂಡು ತೆಗೆದು ಮಾರುತ್ತಿದ್ದರು. ಈ ಹಳದಿಯದು ಸಣ್ಣ ಗೂಡು, ಒರಟು ನೂಲು. ಆದರೆ ಅದು ಆ ತಾಯಿಯ ತಾಯಿಯಿಂದ ಬಂದದ್ದು. ಬೇರೆ ಯಾರ ಮನೆಯಲ್ಲೂ ಉಳಿದಿರಲಿಲ್ಲ. ಬಣ್ಣ ಹಾಕದೆಯೇ ಹಳದಿಯಾಗಿರುವ ನೂಲು ಬೇಕೆಂದು ದೂರದ ಒಬ್ಬ ನೇಕಾರಳು ಮಾತ್ರ ಕೇಳಿಕೊಂಡು ಬರುತ್ತಿದ್ದಳು. ಬೇರೆ ಜಾತಿಯ ಮೊಟ್ಟೆಯನ್ನು ತಂಪಿನಲ್ಲಿಟ್ಟರೆ ತಿಂಗಳುಗಟ್ಟಲೆ ಮಲಗಿರುತ್ತದೆ. ಹಳದಿಯದಕ್ಕೆ ನಿದ್ದೆಯೇ ಇಲ್ಲ. ಮೊಟ್ಟೆ, ಹುಳು, ಗೂಡು, ಚಿಟ್ಟೆ, ಮತ್ತೆ ಮೊಟ್ಟೆ, ಹೀಗೆ ವರ್ಷವಿಡೀ ತಿರುಗುತ್ತಲೇ ಇರಬೇಕು. ಒಂದು ಸುತ್ತು ಕೈತಪ್ಪಿದರೆ ಮುಗಿಯಿತು, ಹೋಗಿ ತರುವುದಕ್ಕೆ ಲೋಕದಲ್ಲಿ ಜಾಗವಿಲ್ಲ.

ಅದಕ್ಕೇ ಸೊಪ್ಪಕ್ಕ ನೆಂಟರ ಮದುವೆಗಳಿಗೆ ಹೋಗಲಿಲ್ಲ, ಆಸ್ಪತ್ರೆಯಲ್ಲಿ ಮಲಗಲಿಲ್ಲ. ತಾಯಿ ಸತ್ತ ದಿನವೂ ಹೊತ್ತು ಹೊತ್ತಿಗೆ ಎದ್ದು ಹೋಗಿ ಸೊಪ್ಪು ಹಾಕಿ ಬಂದಳು. ಹುಳುಮನೆಯ ಹೊಸ್ತಿಲಿಗೆ ಅವಳದೇ ಕಾನೂನು. ಬೀಡಿ ಸೇದಿದವನು ದಾಟುವ ಹಾಗಿಲ್ಲ. ಸೆಂಟು ಹಾಕಿಕೊಂಡವರು ಅಂಗಳದಲ್ಲೇ ನಿಲ್ಲಬೇಕು. ಅಣ್ಣ ಎಲೆಕೋಸಿಗೆ ಔಷಧಿ ಹೊಡೆದು ಬಂದರೆ ಬಟ್ಟೆ ಬದಲಿಸಿ, ಸ್ನಾನ ಮಾಡುವ ತನಕ ಹಿತ್ತಿಲಿಗೆ ಕಾಲಿಡುವಂತಿಲ್ಲ. ಅವನ ಡ್ರಮ್ಮು, ಅವನ ಬಕೆಟ್ಟು, ಅವನ ಹಗ್ಗ ಎಲ್ಲ ಬೇರೆ, ಹೊಲದ ಆಚೆ ಮೂಲೆಯಲ್ಲಿ. “ನಿನ್ನ ಹುಳದ ಮುಂದೆ ನಾನೊಬ್ಬ ಹೊಲಸು ಮನುಷ್ಯ” ಎಂದು ಅಣ್ಣ ಗೊಣಗುತ್ತಿದ್ದ. ಅತ್ತಿಗೆ ಮಾತ್ರ ಆ ಹೊಸ್ತಿಲ ಹತ್ತಿರವೂ ಸುಳಿಯುತ್ತಿರಲಿಲ್ಲ. ಹುಳು ಎಂದರೆ ಅವಳಿಗೆ ಮೈಯೆಲ್ಲ ಜುಮ್ಮೆನ್ನುತ್ತಿತ್ತು. “ಅವು ಒಟ್ಟಿಗೆ ತಲೆ ಎತ್ತಿ ನನ್ನನ್ನೇ ನೋಡ್ತವೆ ಕಣೇ, ಸಾಲ ಕೇಳೋರ ಹಾಗೆ” ಎನ್ನುತ್ತಿದ್ದಳು.

ಆ ವರ್ಷ ಅಣ್ಣನ ಎಲೆಕೋಸಿಗೆ ಹಸಿರು ಕೀಡೆ ಬಿತ್ತು. ಬಿದ್ದದ್ದು ಹೊಸದಲ್ಲ, ಸಾಯದೇ ಇದ್ದದ್ದು ಹೊಸದು. ಯಾವ ಔಷಧಿ ಹೊಡೆದರೂ ಮೈ ತೊಳೆದುಕೊಂಡವರ ಹಾಗೆ ಎದ್ದು ಮತ್ತೆ ತಿನ್ನಲು ಕೂರುತ್ತಿದ್ದವು. ಕೋಸಿನ ಎಲೆ ಜರಡಿಯಾಯಿತು. ಅಣ್ಣ ಬದುವಿನ ಮೇಲೆ ತಲೆಗೆ ಕೈ ಹೊತ್ತು ಕೂತುಬಿಟ್ಟ. ಆಗ ಕೃಷಿ ಇಲಾಖೆಯ ಪ್ರಯೋಗದ ಹೊಲದಿಂದ ಒಬ್ಬಳು ಹುಡುಗಿ ಬಂದಳು. ಕನ್ನಡಕ, ಸವೆದ ಬೂಟು, ಹೆಗಲಿಗೊಂದು ಚೀಲ. ಚೀಲದಲ್ಲಿ ಕಡುಗೆಂಪು ಪುಡಿ. ಬಂದ ದಿನವೇ ಅವಳಿಗೆ ಬಣ್ಣದಮ್ಮ ಎಂದು ಹೆಸರು ಬಿತ್ತು.

“ಇದು ವಿಷ ಅಲ್ಲ, ಬಣ್ಣ” ಎಂದು ಅವಳು ಅಂಗಳದಲ್ಲಿ ಕೂತು ಎಲ್ಲರಿಗೂ ಬಿಡಿಸಿ ಹೇಳಿದಳು. “ಸಕ್ಕರೆ ನೀರಲ್ಲಿ ಕಲಸಿ ಸಂಜೆ ಹೊಡೀತೀವಿ. ಕೀಡೆಗಳು ಸಿಹಿ ಅಂತ ಎಲೆ ಜೊತೆ ತಿನ್ತವೆ. ಬಣ್ಣ ಹೊಟ್ಟೆಗೆ ಹೋಗಿ ಸುಮ್ನೆ ಕೂತಿರುತ್ತೆ. ಬೆಳಗ್ಗೆ ಬಿಸಿಲು ಬಿತ್ತು ಅಂದ್ರೆ ಆ ಬಣ್ಣ ಬೆಳಕನ್ನ ಹೀರ್ಕೊಂಡು ಒಳಗಿಂದೊಳಗೇ ಸುಡುತ್ತೆ. ಬೆಳಕಿಲ್ಲ ಅಂದ್ರೆ ಏನೂ ಇಲ್ಲ, ಬರೀ ಬಣ್ಣ.”

“ನಮ್ಮ ಹೊಟ್ಟೆಗೆ ಹೋದ್ರೆ?” ಎಂದಳು ಅತ್ತಿಗೆ.

ಬಣ್ಣದಮ್ಮ ಬೆರಳ ತುದಿಗೆ ಚಿಟಿಕೆ ಹಚ್ಚಿ ನೆಕ್ಕಿ, ನಾಲಿಗೆ ಚಾಚಿ ತೋರಿಸಿದಳು. ಎಲ್ಲರೂ ನಕ್ಕರು. ಹಸುವಿನ ಬಗ್ಗೆ ಕೇಳಿದರು, ಕೋಳಿಯ ಬಗ್ಗೆ ಕೇಳಿದರು. ಬಾವಿ ನೀರಿನ ಬಗ್ಗೆ ಕೇಳಿದವಳು ಸೊಪ್ಪಕ್ಕನೇ. ಹುಳುವಿನ ಬಗ್ಗೆ ಯಾರೂ ಕೇಳಲಿಲ್ಲ. ಕೋಸಿನ ಮೇಲಿನದು ಕೀಡೆ, ತಟ್ಟೆಯ ಮೇಲಿನದು ಸೊಪ್ಪಕ್ಕನ ಸಂಸಾರ; ಎರಡಕ್ಕೂ ಒಂದೇ ಬಗೆಯ ಹೊಟ್ಟೆ ಎಂದು ಆ ಮನೆಯಲ್ಲಿ ಯಾರ ತಲೆಗೂ ಹೊಳೆಯಲಿಲ್ಲ. ಹಿತ್ತಿಲಿನಲ್ಲಿ ಹುಳುಮನೆ ಇದೆಯೆಂದು ಬಣ್ಣದಮ್ಮನಿಗೆ ಗೊತ್ತಿರಲಿಲ್ಲ.

ಔಷಧಿ ವಿಷವಾಗಿದ್ದರೆ ಮುಂದಿನದು ನಡೆಯುತ್ತಲೇ ಇರಲಿಲ್ಲ. ವಿಷವಲ್ಲವೆಂದೇ ಬಣ್ಣ ಕಲಸಿದ ಡ್ರಮ್ಮು ಹೊಲದ ಮೂಲೆಯಲ್ಲಿ ಉಳಿಯದೆ ಬಾವಿಕಟ್ಟೆಯ ಪಕ್ಕಕ್ಕೆ ಬಂತು. ಮಾರನೆಯ ದಿನ ಬೆಳಗ್ಗೆಯೇ ಅಣ್ಣ ಸಂಜೆ ಹೊಡೆಯಲೆಂದು ಬಣ್ಣ ಕಲಸಿ ಕ್ಯಾನುಗಳಿಗೆ ತುಂಬಿಟ್ಟ; ಅಷ್ಟರಲ್ಲಿ ಕರೆಂಟು ಹೋಗಿ ಬಾವಿಯ ಪಂಪು ನಿಂತಿತು. ಬಿರುಬೇಸಿಗೆ. ಕೊಯ್ದು ತಂದ ಸೊಪ್ಪಿನ ಮೇಲೆ ಒದ್ದೆ ಗೋಣಿ ಹೊದಿಸದಿದ್ದರೆ ಮಧ್ಯಾಹ್ನಕ್ಕೆ ಬಾಡಿ ಹಪ್ಪಳವಾಗುತ್ತದೆ. ಹುಳು ನಾಲ್ಕನೆಯ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಕಳಚಿ, ಗೂಡು ಕಟ್ಟುವ ಮುಂಚಿನ ದೊಡ್ಡ ಹಸಿವಿನಲ್ಲಿದ್ದವು. ಸೊಪ್ಪಕ್ಕ ಡ್ರಮ್ಮಿನಲ್ಲಿ ಬಗ್ಗಿ ನೋಡಿದಳು. ತಳದಲ್ಲಿ ಒಂದಿಷ್ಟು ನೀರು, ತೆಳ್ಳಗೆ ಗುಲಾಬಿ. ಬಣ್ಣ ತಾನೇ, ಎಂದುಕೊಂಡಳು. ಮೂವತ್ತು ವರ್ಷ ಹೊಸ್ತಿಲು ಕಾದವಳು ತನ್ನ ಕೈಯಾರೆ ಗೋಣಿಯನ್ನು ಅದರಲ್ಲಿ ಅದ್ದಿ, ಹಿಂಡದೆ ಸೊಪ್ಪಿಗೆ ಹೊದಿಸಿದಳು. ಆ ದಿನ ಹುಳು ಎಂದೂ ತಿನ್ನದ ಹಾಗೆ ತಿಂದವು. ಸಿಹಿ ಹತ್ತಿತ್ತಲ್ಲ. ಅವಳಿಗೆ ಖುಷಿಯೋ ಖುಷಿ.

ಮರುದಿನ ಬೆಳಗ್ಗೆ ಹುಳುಮನೆಯ ಮಬ್ಬಿನಲ್ಲಿ ನೋಡುತ್ತಾಳೆ, ಎಲ್ಲವೂ ನಸುಗೆಂಪು! ಬಾಯಿ ಮೇಲೆ ಕೈಯಿಟ್ಟುಕೊಂಡು ನಕ್ಕುಬಿಟ್ಟಳು. ಅತ್ತಿಗೆಗೆ ತೋರಿಸಬೇಕೆಂದು ಬಾಗಿಲ ಹತ್ತಿರದ ತಟ್ಟೆಯನ್ನು ಎತ್ತಿ ಅಂಗಳಕ್ಕೆ ತಂದಳು. ಅತ್ತಿಗೆ ಮಾರು ದೂರ ನಿಂತು, “ಏನೇ ಸೊಪ್ಪಮ್ಮಾ, ಮಕ್ಕಳಿಗೆಲ್ಲ ಹೊಸ ಅಂಗಿ ಹೊಲಿಸಿದ್ದೀಯ? ನಮಗೊಂದು ಮಾತು ಹೇಳ್ಲಿಲ್ಲ” ಎಂದಳು. ಇಬ್ಬರೂ ನಗುತ್ತ ನಿಂತಿದ್ದಂತೆಯೇ ತಟ್ಟೆಯ ಮೇಲೆ ಬಿಸಿಲು ಏರಿತು.

ಮೊದಲು ಒಂದು ಹುಳು ತಲೆ ಎತ್ತಿ ಅತ್ತಿತ್ತ ಆಡಿಸಿತು. ಆಮೇಲೆ ಹತ್ತಾರು. ಬಾಯಿಂದ ಹಸಿರು ನೀರು ಕಾರಿದವು, ಸುರುಳಿ ಸುತ್ತಿದವು, ಮಗ್ಗುಲಾಗಿ ಉರುಳಿದವು. ಸೊಪ್ಪಕ್ಕ ಬೆರಳಿನಿಂದ ಮುಟ್ಟಿದರೆ ಒದ್ದೆ ಬತ್ತಿಯ ಹಾಗೆ ಮೆತ್ತಗೆ. ಅದೇ ಹೊತ್ತಿಗೆ ಹೊಲದ ಕಡೆಯಿಂದ ಅಣ್ಣನ ಕೂಗು ಬಂತು. “ಬೀಳ್ತಾ ಇವೆ ಕಣೇ! ಬನ್ರೇ ನೋಡ್ರೇ! ಉದುರ್ತಾ ಇವೆ ಎಲ್ಲ!” ಎಂದು ಮಗುವಿನ ಹಾಗೆ ಕುಣಿಯುತ್ತಿದ್ದ.

ಆ ಕೂಗು ಕಿವಿಗೆ ಬಿದ್ದಾಗಲೇ ಸೊಪ್ಪಕ್ಕನಿಗೆ ಎಲ್ಲ ಅರ್ಥವಾದದ್ದು. ತಟ್ಟೆ ಅಲ್ಲೇ ಬಿಟ್ಟು ಓಡಿಹೋಗಿ ಹುಳುಮನೆಯ ಬಾಗಿಲು ಎಳೆದುಕೊಂಡಳು. ಒಳಗಿನಿಂದ, “ಅತ್ತಿಗೇ, ಕಂಬಳಿ! ಇರೋ ಬರೋ ಕಂಬಳಿ ಎಲ್ಲ ತಾ! ಗೋಣಿ ತಾ! ಒಂದು ಎಳೆ ಬೆಳಕು ಬರಬಾರ್ದು!” ಎಂದು ಕಿರುಚಿದಳು. ಅತ್ತಿಗೆಗೆ ಏನೂ ತಿಳಿಯಲಿಲ್ಲ. ಆದರೆ ಆ ದನಿಯನ್ನು ಅವಳು ಹಿಂದೆ ಕೇಳಿರಲಿಲ್ಲ. ಹಾಸಿಗೆಯ ಮೇಲಿನದನ್ನೆಲ್ಲ ಬಾಚಿಕೊಂಡು ಓಡಿ ಬಂದು, ಕಿಟಕಿಗೆ, ಬಾಗಿಲ ಸಂದಿಗೆ ಹೊರಗಿನಿಂದ ಒತ್ತಿ ಒತ್ತಿ ತುಂಬಿದಳು.

ಮಧ್ಯಾಹ್ನ ಕೋಸು ನೋಡಲು ಬಂದ ಬಣ್ಣದಮ್ಮನನ್ನು ಅತ್ತಿಗೆ ಕೈಹಿಡಿದು ಎಳೆದುಕೊಂಡು ಹಿತ್ತಿಲಿಗೆ ತಂದಳು. ಬಿಸಿಲಿನಲ್ಲಿ ಬಿದ್ದಿದ್ದ ತಟ್ಟೆ ಕಂಡ ಕೂಡಲೇ ಆ ಹುಡುಗಿಯ ಮುಖ ಸುಣ್ಣವಾಯಿತು. ಮುಚ್ಚಿದ ಬಾಗಿಲಿಗೆ ಬಾಯಿಟ್ಟು, “ಅಕ್ಕಾ, ಇಲ್ಲಿ ರೇಷ್ಮೆ ಇದೆ ಅಂತ ನನಗೆ ಗೊತ್ತೇ ಇರ್ಲಿಲ್ಲ. ನಾನು ಕೇಳ್ಬೇಕಿತ್ತು” ಎಂದಳು.

“ನಾನೂ ಹೇಳ್ಬೇಕಿತ್ತು. ಹೋಗ್ಲಿ ಬಿಡು ತಾಯಿ, ಈಗ ಏನ್ಮಾಡ್ಲಿ ಹೇಳು.”

“ಕತ್ತಲಲ್ಲಿಟ್ಟಿರಿ. ಒಳ್ಳೇ ಸೊಪ್ಪು ಹಾಕಿ. ಹೊಸ ಸೊಪ್ಪು ಒಳಗೆ ಹೋದ ಹಾಗೆಲ್ಲ ಬಣ್ಣ ಹಿಕ್ಕೇಲಿ ಹೊರಗೆ ಬರುತ್ತೆ.”

“ಎಷ್ಟು ದಿನ?”

“ಗೊತ್ತಿಲ್ಲ ಅಕ್ಕಾ. ಸಾಯಿಸೋದಕ್ಕೆ ಎಷ್ಟು ಬೇಕು ಅಂತ ನೋಡಿದ್ದೀವಿ. ಉಳಿಸೋದಕ್ಕೆ ಎಷ್ಟು ಬೇಕು ಅಂತ ಯಾರೂ ನೋಡಿಲ್ಲ.”

“ಬಣ್ಣ ಹೋಯ್ತು ಅಂತ ನನಗೆ ಹೇಗೆ ಗೊತ್ತಾಗ್ಬೇಕು? ದೀಪ ಹಚ್ಚಿ ನೋಡೋ ಹಾಗಿಲ್ಲವಲ್ಲ.”

“ಕೆಂಪು ಬಲ್ಬು ತಂದುಕೊಡ್ತೀನಿ. ಕೆಂಪು ಬೆಳಕು ಈ ಬಣ್ಣಕ್ಕೆ ತಗಲಲ್ಲ. ಆದ್ರೆ…” ಹುಡುಗಿ ತಡವರಿಸಿದಳು. “ಕೆಂಪು ದೀಪದಲ್ಲಿ ಗುಲಾಬೀನೂ ಒಂದೇ, ಬಿಳೀನೂ ಒಂದೇ. ಬಣ್ಣ ಕಾಣಲ್ಲ.”

ಒಳಗೆ ಸೊಪ್ಪಕ್ಕ ಲೆಕ್ಕ ಹಾಕಿದಳು. ಬೆಳಕಿಗೆ ಹಿಡಿದರೆ ಗೊತ್ತಾಗುತ್ತದೆ, ಹಿಡಿದರೆ ಸಾಯುತ್ತವೆ. ಉಳಿದದ್ದು ಒಂದೇ ದಾರಿ. ದಿನಾ ಬೆಳಗ್ಗೆ ಪ್ರತಿ ತಟ್ಟೆಯಿಂದ ಒಂದೊಂದು ಹುಳು ಆರಿಸಿ ಬಿಸಿಲಿಗೆ ಕಳಿಸಬೇಕು. ಅವು ಸತ್ತರೆ ಉಳಿದವುಗಳಿಗೆ ಇನ್ನೂ ಹೊತ್ತು ಬಂದಿಲ್ಲವೆಂದು ಅರ್ಥ.

ಅಂದಿನಿಂದ ಅವಳ ಬಾಳು ಆ ಕತ್ತಲೆಯ ಒಳಗೆ. ಬಣ್ಣದಮ್ಮ ಕೆಂಪು ಬಲ್ಬು ತಂದುಕೊಟ್ಟರೂ ತಟ್ಟೆಯಲ್ಲಿ ಹುಳು ಇರುವ ತನಕ ಅದನ್ನು ಹೊತ್ತಿಸುವ ಧೈರ್ಯ ಅವಳಿಗೆ ಬರಲಿಲ್ಲ. ಹೊರಗೆ ಉರಿಬಿಸಿಲು, ಒಳಗೆ ತಗಡಿನ ಸೂರಿನ ಕೆಳಗೆ ಬೇಯುವ ಸೆಕೆ. ಕಂಬಳಿ ತುಂಬಿದ ಕಿಟಕಿಯಿಂದ ಗಾಳಿಯೂ ಬರದು. ಸೊಪ್ಪನ್ನು ಕೈಯಳತೆಯಲ್ಲೇ ಹಾಸಿ, ಹಿಕ್ಕೆಯನ್ನು ಕೈಯಿಂದಲೇ ಗುಡಿಸಿ, ಸತ್ತದ್ದನ್ನು ವಾಸನೆಯಿಂದ ಹುಡುಕಿ ತೆಗೆಯುತ್ತಿದ್ದಳು. ಗಟ್ಟಿಯಾಗಿ, ತಣ್ಣಗೆ ಸಿಕ್ಕಿದರೆ ಜೀವವಿದೆ. ಜೋತುಬಿದ್ದರೆ ಇಲ್ಲ. ಆಗಾಗ ಉಸಿರು ಬಿಗಿಹಿಡಿದು ಒಂದೊಂದು ತಟ್ಟೆಗೂ ಕಿವಿಯಿಟ್ಟು, ಸೊಪ್ಪು ಕಡಿಯುವ ಸದ್ದು ಕೇಳುತ್ತಿದ್ದಳು. ಸದ್ದು ದಿನಕ್ಕೆ ದಿನ ತೆಳುವಾಗುತ್ತಿತ್ತು.

ಸ್ವಂತ ಗಿಡದ ಸೊಪ್ಪು ಹಾಕುವಂತಿರಲಿಲ್ಲ. ಅವು ಕೋಸಿನ ಹೊಲಕ್ಕೆ ಅಂಟಿಕೊಂಡೇ ಇದ್ದವು, ಗಾಳಿಗೆ ಏನು ಹಾರಿ ಬಿದ್ದಿದೆಯೋ ಯಾರು ಬಲ್ಲರು. ಹೊಳೆಯ ಆಚೆ ದಂಡೆಯಲ್ಲಿ ಯಾರದೂ ಅಲ್ಲದ ಹಳೆಯ ಹಿಪ್ಪುನೇರಳೆ ಮರಗಳಿದ್ದವು. ಅಲ್ಲಿಗೆ ಹೋಗಿ ಸೊಪ್ಪು ತರುವವರು ಯಾರು? ಸೊಪ್ಪಕ್ಕ ಹುಳುಮನೆ ಬಿಟ್ಟು ಏಳುವ ಹಾಗಿಲ್ಲ. ಮೊದಲ ಸಂಜೆ ಬಾಗಿಲಿನ ಕಂಬಳಿಯ ಮಡಿಕೆಯೊಳಗೆ ಒಂದು ಹೊರೆ ಬಂದು ಬಿತ್ತು. ಹಿಂದೆಯೇ ಅತ್ತಿಗೆಯ ಏದುಸಿರು.

“ತಗೋ. ಕುತ್ತಿಗೆ ಮುರೀತು. ನಿನ್ನ ತಲೆ ಏನು ಕಲ್ಲಿಂದ ಮಾಡಿದ್ದಾರಾ?”

“ನೀನಾ ಅತ್ತಿಗೇ?”

“ಇನ್ಯಾರು, ಊರ ಗೌಡ್ರಾ? ಆ ದರ್ಜಿ ನನ್ನನ್ನ ನೋಡಿ, ಸೊಪ್ಪಿಗೆ ಇವತ್ತು ಕಾಲು ದಪ್ಪ ಆಗಿದೆ ಅಂದ. ಚಪ್ಪಲಿ ತೋರಿಸಿ ಬಂದೆ.”

ಸೊಪ್ಪಕ್ಕ ಹೊರೆಯನ್ನು ಒಳಕ್ಕೆ ಎಳೆದುಕೊಂಡಳು. ಅಷ್ಟು ವರ್ಷ ಒಂದೇ ಒಲೆಯ ಊಟ ಉಂಡರೂ ಅತ್ತಿಗೆ ಅವಳಿಗಾಗಿ ಹೊರೆ ಹೊತ್ತದ್ದು ಇದೇ ಮೊದಲು.

ಬೆಳಗ್ಗೆ ಬೆಳಗ್ಗೆ ಆರಿಸಿದ ಹುಳುಗಳನ್ನು ಮುಚ್ಚಳದ ಬುಟ್ಟಿಯಲ್ಲಿ ಹಾಕಿ ಸೊಪ್ಪಕ್ಕ ಸಂದಿಯಿಂದ ಹೊರಕ್ಕೆ ತಳ್ಳುತ್ತಿದ್ದಳು. ಅವನ್ನು ಬಿಸಿಲಿನಲ್ಲಿ ತೆರೆದು ನೋಡುವ ಕೆಲಸ ಅತ್ತಿಗೆಯದು. ಮುಟ್ಟಲು ಅಸಹ್ಯ, ನೋಡದೆ ಇರಲು ಆಗದು. ಸ್ವಲ್ಪ ಹೊತ್ತಾದ ಮೇಲೆ ಬಾಗಿಲಿಗೆ ಬಂದು ಒಂದೇ ಮಾತು ಹೇಳುತ್ತಿದ್ದಳು: “ಇಲ್ಲ ಕಣೇ.” ಮರುದಿನವೂ ಅದೇ, “ಇಲ್ಲ ಕಣೇ.” ಒಂದು ದಿನ ಅವಳು ಹೇಳದೇ ಸುಮ್ಮನೆ ನಿಂತಳು. ಸೊಪ್ಪಕ್ಕನೇ ಒಳಗಿನಿಂದ, “ಗೊತ್ತಾಯ್ತು, ಹೋಗು” ಎಂದಳು. ಸಾಯಲೆಂದು ತಾನೇ ಆರಿಸಿ ಕಳಿಸಿದ ಹುಳುಗಳು ಅವಳ ಬೆರಳಿಗೆ ನೆನಪಿದ್ದವು. ಗಟ್ಟಿಮುಟ್ಟಾದದ್ದನ್ನು ಕಳಿಸಿದರೆ ಬೀಜಕ್ಕೆ ನಷ್ಟ, ಬಡಕಲನ್ನು ಕಳಿಸಿದರೆ ಪರೀಕ್ಷೆಗೆ ಅರ್ಥವಿಲ್ಲ. ಕತ್ತಲಲ್ಲಿ ಒಂದೊಂದನ್ನೂ ಎತ್ತಿ, ಇಟ್ಟು, ಮತ್ತೆ ಎತ್ತುತ್ತಿದ್ದಳು.

ಇತ್ತ ಅಣ್ಣನ ಕೋಸು ಚೇತರಿಸಿಕೊಂಡಿತು. ಸುತ್ತಲಿನ ಹೊಲದವರು ನೋಡಲು ಬಂದರು. ಅಣ್ಣ ಎದೆಯುಬ್ಬಿಸಿ ಓಡಾಡಿದ. ಮತ್ತೊಂದು ಸಲ ಬಣ್ಣ ಹೊಡೆಯುವ ದಿನ ಬಂದಾಗ ಬಾಗಿಲ ಹೊರಗೆ ನಿಂತು, “ತಂಗೀ, ಸಾಯೋದು ಸತ್ತಾಯ್ತು. ಬಾಗಿಲು ತೆಗೆದು ಹೊರಗೆ ಬಾ. ಬಿಳೀ ಗೂಡಿನ ಮೊಟ್ಟೆ ತಂದುಕೊಡ್ತೀನಿ. ಎಲ್ಲರೂ ಅದನ್ನೇ ಸಾಕ್ತಿಲ್ವಾ?” ಎಂದ.

“ಎಲ್ಲರಿಗೂ ಅದು ಸಿಗುತ್ತೆ ಅಣ್ಣಾ. ಇದು ನನಗೆ ಮಾತ್ರ.”

“ಇದಿಲ್ಲ ಅಂದ್ರೆ ನಿನ್ನನ್ನ ನಾನು ಬೀದಿಗೆ ಹಾಕ್ತೀನಾ? ಹಾಗಂತ ತಿಳಿದಿದ್ದೀಯಾ?”

ಒಳಗೆ ಅವಳು ಹಿಕ್ಕೆ ಗುಡಿಸುತ್ತಲೇ ಇದ್ದಳು. ಹಾಗೆ ತಿಳಿದೇ ಅವಳು ಅಷ್ಟು ವರ್ಷ ಆ ಮನೆಯಲ್ಲಿ ಬಾಳಿದ್ದು. ಅಣ್ಣನಿಗೆ ಅದು ಅರ್ಥವಾಯಿತೋ ಏನೋ, ಕೆಮ್ಮಿ, ಹೊರಟುಹೋದ.

ಆ ಮಧ್ಯಾಹ್ನವೇ ನಡುವಿನ ತಟ್ಟೆಯಿಂದ ಹುಳಿ ವಾಸನೆ ಎದ್ದಿತು. ಸೊಪ್ಪಕ್ಕ ಕೈಯಾಡಿಸಿದರೆ ತಟ್ಟೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಗೆರೆ ಎಳೆದ ಹಾಗೆ ಹುಳುಗಳು ಸತ್ತು ಬಿದ್ದಿವೆ, ಗೆರೆಯ ಎರಡು ಪಕ್ಕದವು ಬದುಕಿವೆ. ಮೊದಲು ಇರುವೆಯ ಕೆಲಸವೆಂದುಕೊಂಡಳು. ಆಮೇಲೆ ತನ್ನ ಮುಂಗೈ ಮೇಲೆ ಏನೋ ಬೆಚ್ಚಗೆ ತಾಗಿ, ತಲೆಯೆತ್ತಿ ನೋಡಿದಳು. ತಗಡಿನಲ್ಲಿ ಒಂದು ಮೊಳೆ ಸಡಿಲಾಗಿ ಬಿದ್ದುಹೋಗಿತ್ತು. ಅಲ್ಲಿಂದ ದಾರದಷ್ಟು ಸಣ್ಣ ಬಿಸಿಲು ಇಳಿದು, ಹೊತ್ತು ಸರಿದ ಹಾಗೆ ತಟ್ಟೆಯ ಮೇಲೆ ತಾನೂ ಸರಿಯುತ್ತ, ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಸುಟ್ಟುಕೊಂಡು ಹೋಗಿತ್ತು.

ಅವಳು ಆ ತೂತಿನ ಕೆಳಗೆ ನಿಂತು, ಬೆಳಕು ತನ್ನ ನೆತ್ತಿಯ ಮೇಲೇ ಬೀಳುವ ಹಾಗೆ ಕಾದಳು. ಬಿಸಿಲು ಸರಿದರೆ ತಾನೂ ಸರಿದಳು. ಸೊಪ್ಪಿನ ಹೊರೆ ತಂದ ಅತ್ತಿಗೆ ಕರೆದರೆ, “ನಾನು ಅಲ್ಲಾಡೋ ಹಾಗಿಲ್ಲ, ಸೂರು ತೂತಾಗಿದೆ” ಎಂಬ ದನಿ ಮಾತ್ರ ಬಂತು. ಅತ್ತಿಗೆ ಹೊಲಕ್ಕೆ ಓಡಿದಳು. ಅಲ್ಲಿ ಏನು ಮಾತಾಯಿತೋ, ಸ್ವಲ್ಪ ಹೊತ್ತಿನಲ್ಲಿ ಅಣ್ಣ ಡಾಂಬರಿನ ಡಬ್ಬಿ ಹಿಡಿದು ಸೂರಿನ ಮೇಲಿದ್ದ. ಕಾದ ತಗಡಿನ ಮೇಲೆ ಬರಿಮಂಡಿಯಲ್ಲಿ ತೆವಳಿ, ತೂತಿದ್ದಲ್ಲಿ ಇಲ್ಲದಲ್ಲಿ ಎಲ್ಲ ಕಡೆ ಮೆತ್ತಿದ. “ಒಳಗೆ ಕತ್ತಲಾಯ್ತೇನೇ?” ಎಂದು ಕೂಗಿದ. “ಆಯ್ತು ಅಣ್ಣಾ.” “ಪೂರ್ತಿ?” “ಪೂರ್ತಿ.” ಇಳಿದ ಮೇಲೆ ಅವನ ಮಂಡಿ ಬೊಬ್ಬೆ ಎದ್ದಿತ್ತು. ಆ ಸಲದ ಬಣ್ಣ ಹೊಡೆಯುವುದನ್ನು ಅವನು ಮುಂದಕ್ಕೆ ಹಾಕಿದ. ಹೊರಗಿನ ಸಾಲಿನ ಒಂದಷ್ಟು ಕೋಸನ್ನು ಕೀಡೆ ತಿಂದುಕೊಂಡವು.

ಹುಳು ಹಣ್ಣಾಗುವ ಹೊತ್ತು ಬಂತು. ಹಣ್ಣಾದ ಹುಳು ಸೊಪ್ಪು ಬಿಟ್ಟು, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಖಾಲಿ ಮಾಡಿ, ಮೈ ಗಾಜಿನ ಹಾಗಾಗಿ, ಗೂಡಿಗೆ ಜಾಗ ಹುಡುಕುತ್ತ ತಲೆಯೆತ್ತುತ್ತದೆ. ಬೆಳಕಿದ್ದರೆ ಕಣ್ಣಿಗೇ ತಿಳಿಯುತ್ತದೆ. ಸೊಪ್ಪಕ್ಕ ಬೆರಳಿಗೆ ಸಡಿಲವಾಗಿ, ಅವಸರವಾಗಿ ಸಿಕ್ಕಿದ್ದನ್ನು ಆರಿಸಿ, ಗೂಡು ಕಟ್ಟಲೆಂದೇ ಹೆಣೆದ ಬಿದಿರಿನ ತಟ್ಟಿ, ಚಂದ್ರಿಕೆಯ ಮೇಲೆ ಬಿಟ್ಟಳು. ಎಷ್ಟೋ ಹುಳುಗಳು ಅರ್ಧ ಗೂಡು ಕಟ್ಟಿ ಅದರಲ್ಲೇ ಕರಗಿದವು. ಕೆಲವು ನೂಲೇ ತೆಗೆಯಲಿಲ್ಲ. ಕೊನೆಗೆ ಚಂದ್ರಿಕೆಯಿಂದ ಬಿಡಿಸಿದ ಗೂಡುಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ಕೋಶ ದಡದಡ ಎಂದರೆ ಜೀವ, ಒದ್ದೆಯಾಗಿ ಅಂಟಿಕೊಂಡಿದ್ದರೆ ಸಾವು. ಮಂಕರಿ ತುಂಬಬೇಕಿದ್ದ ಗೂಡು ಅವಳ ಮಡಿಲಿನಲ್ಲೇ ಹಿಡಿಯಿತು.

ಚಿಟ್ಟೆ ಏಳುವ ದಿನ ಬಣ್ಣದಮ್ಮನ ಕೆಂಪು ಬಲ್ಬು ಮೊದಲ ಸಲ ಹೊತ್ತಿತು. ಗೂಡು ತೂತು ಮಾಡಿಕೊಂಡು ಒಂದು ಚಿಟ್ಟೆ ಹೊರಗೆ ಬಂತು. ಗಂಡು. ಮತ್ತೊಂದು ಬಂತು. ಅದೂ ಗಂಡು. ಸಂಜೆಯವರೆಗೆ ಬಂದದ್ದೆಲ್ಲ ಗಂಡೇ, ರೆಕ್ಕೆ ಬಡಿದುಕೊಂಡು ಸುತ್ತು ತಿರುಗುತ್ತಿದ್ದವು.

“ನಿನ್ನ ಸಂಸಾರದಲ್ಲಿ ಹೆಣ್ಣಿಗೆ ಬರವಾ?” ಎಂದಳು ಅತ್ತಿಗೆ. ಆಗ ಅವಳು ಕಂಬಳಿ ಸರಿಸಿ ಒಳಗೇ ಬಂದು ಕೂತಿದ್ದಳು, ಕಾಲನ್ನು ಮಾತ್ರ ಮಣೆಯ ಮೇಲೆ ಎತ್ತಿಟ್ಟುಕೊಂಡು.

“ಹೆಣ್ಣು ತಡ. ಅದು ಏಳೋ ಹೊತ್ತಿಗೆ ಇವು ಸತ್ತಿರ್ತವೆ. ತಂಪಲ್ಲಿಟ್ರೆ ಸುಮ್ನೆ ಮಲಗಿರ್ತವೆ, ಜೀವ ಹಿಡ್ಕೊಂಡಿರ್ತವೆ. ಎಲ್ಲಿಂದ ತರ್ಲಿ ತಂಪು?”

ಅತ್ತಿಗೆ ಎದ್ದು ಹೋಗಿ ಮುಚ್ಚಳದ ಡಬ್ಬಿ ತಂದಳು. “ಹಾಕು ಇದ್ರಲ್ಲಿ. ನನ್ನ ಫ್ರಿಜ್ಜಿನ ತರಕಾರಿ ಗೂಡಲ್ಲಿಡ್ತೀನಿ. ನಿಮ್ಮಣ್ಣ ಸೌತೆಕಾಯಿ ಅಂತ ಕೈ ಹಾಕಿದ್ರೆ ಹಾಕ್ಲಿ.”

ಗಂಡುಗಳು ತಂಪಿನಲ್ಲಿ ಮಲಗಿದವು. ಹೆಣ್ಣು ಬರಲಿಲ್ಲ. ಒಂದು ಗೂಡಿನಿಂದ ರೆಕ್ಕೆ ಸುರುಟಿದ ಹೆಣ್ಣೊಂದು ಅರ್ಧ ಹೊರಬಂದು ಹಾಗೆಯೇ ಸತ್ತಿತು. ಇನ್ನೊಂದರದು ಹೊಟ್ಟೆಯೇ ಖಾಲಿ. ಉಳಿದ ಗೂಡುಗಳನ್ನು ಸೊಪ್ಪಕ್ಕ ಮತ್ತೆ ಮತ್ತೆ ಕಿವಿಗೆ ಹಿಡಿದಳು. ಊಟ ಬಿಟ್ಟಳು. ಅತ್ತಿಗೆ ಬೈದು ಬೈದು ಬಾಯಿಗೆ ತುತ್ತು ಇಡಬೇಕಾಯಿತು. “ಮುಗೀತು ಅತ್ತಿಗೇ” ಎಂದು ಅವಳು ಮೊದಲ ಸಲ ಬಾಯಿಬಿಟ್ಟು ಹೇಳಿದಳು. “ಅಮ್ಮ ಒಂದೇ ಒಂದು ಕೊಟ್ಟಿದ್ಲು. ಯಾರೂ ಕಸ್ಕೊಳ್ಳಲಿಲ್ಲ. ನಾನೇ ಅದ್ದಿ ಹೊದಿಸಿದೆ.” ಅತ್ತಿಗೆಗೆ ಸಮಾಧಾನದ ಮಾತು ಬರುತ್ತಿರಲಿಲ್ಲ. “ಮೂಗು ಒರೆಸ್ಕೋ, ತಟ್ಟೆಗೆ ಬೀಳುತ್ತೆ” ಎಂದಳು.

ಕೊನೆಯ ಗೂಡುಗಳಲ್ಲಿ ಒಂದು ಬೆಳಗಿನ ಜಾವ ಒದ್ದೆಯಾಯಿತು. ಹೊರಗೆ ಬಂದದ್ದು ಹೊಟ್ಟೆ ತುಂಬಿದ, ಹಾರಲಾಗದ ಭಾರದ ಹೆಣ್ಣು. ಸೊಪ್ಪಕ್ಕ ಕೂಗುವ ಮೊದಲೇ ಅತ್ತಿಗೆ ಫ್ರಿಜ್ಜಿನತ್ತ ಓಡಿದ್ದಳು. ಡಬ್ಬಿಯಲ್ಲಿ ಮೊದಲನೆಯದು ಸತ್ತಿತ್ತು. ಎರಡನೆಯದು ಸತ್ತಿತ್ತು. ಮೂರನೆಯದನ್ನು ಸೊಪ್ಪಕ್ಕ ಅಂಗೈ ಮೇಲಿಟ್ಟು ಬಾಯಿಂದ ಬಿಸಿ ಊದಿದಳು. ಅದು ಕಾಲಾಡಿಸಿತು. ರೆಕ್ಕೆ ನಡುಗಿಸಿತು. ಹೆಣ್ಣಿನ ಪಕ್ಕ ಇಟ್ಟರೆ ಬಹಳ ಹೊತ್ತು ದಾರಿ ತಿಳಿಯದವರ ಹಾಗೆ ಸುತ್ತಿತು. ಇಬ್ಬರು ಹೆಂಗಸರೂ ಉಸಿರು ಬಿಡಲಿಲ್ಲ. ಆಮೇಲೆ ಕೂಡಿತು.

ಆ ಒಂದು ಹೆಣ್ಣು ಕಾಗದದ ಮೇಲೆ ಸಾಸಿವೆಗಿಂತ ಸಣ್ಣ ಮೊಟ್ಟೆಗಳನ್ನು ಗುಂಡಗೆ ಇಟ್ಟು ಸತ್ತುಹೋಯಿತು. ಕೆಲವು ಮೊಟ್ಟೆ ಗುಳಿಬಿದ್ದವು. ಉಳಿದವುಗಳ ಒಳಗೆ ದಿನ ತುಂಬಿದ ಮೇಲೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಮೂಡಿತು. ಅದು ಮರಿಯ ತಲೆ. ಚುಕ್ಕೆ ಮೂಡಿದ ಮೇಲೆ ಮುಚ್ಚಿದ ಡಬ್ಬಿಯಲ್ಲಿಟ್ಟು, ಮರಿ ಬಲಿತ ಬೆಳಗ್ಗೆ ಬೆಳಕಿಗೆ ತೆರೆಯಬೇಕು. ಬೆಳಕು ಕಂಡರೆ ಎಲ್ಲ ಒಟ್ಟಿಗೆ ಒಡೆಯುತ್ತವೆ. ಕತ್ತಲಲ್ಲೇ ಬಿಟ್ಟರೆ ಒಂದು ಇಂದು, ಒಂದು ನಾಳೆ ಎಂದು ಎದ್ದು, ಬಡಕಲಾಗಿ, ದಾರಿ ತಪ್ಪಿ ಸಾಯುತ್ತವೆ.

“ತಾಯಿ ಹೊಟ್ಟೆಯಿಂದ ಮೊಟ್ಟೆಗೂ ಬಣ್ಣ ಇಳಿದಿರುತ್ತಾ?” ಎಂದು ಅವಳು ಬಣ್ಣದಮ್ಮನನ್ನು ಕೇಳಿದ್ದಳು. ಬಣ್ಣದಮ್ಮ ಕನ್ನಡಕ ತೆಗೆದು ಒರೆಸಿಕೊಂಡು, “ಇಳಿದಿರಬಹುದು. ಇಳೀದೇನೂ ಇರಬಹುದು. ನಿಮಗೆ ಸುಳ್ಳು ಧೈರ್ಯ ಹೇಳಲ್ಲ ಅಕ್ಕಾ” ಎಂದಿದ್ದಳು.

ತೆರೆಯುವ ಬೆಳಗ್ಗೆ ಸೊಪ್ಪಕ್ಕ ಡಬ್ಬಿ ಹಿಡಿದು ಅಂಗಳದ ಅಂಚಿನಲ್ಲಿ ಕೂತಳು. ಹೊತ್ತು ಏರುತ್ತಿತ್ತು. ಅವಳ ಕೈ ಮುಚ್ಚಳದ ಮೇಲೆ ಅಂಟಿಕೊಂಡಿತ್ತು.

“ತೆಗಿಯೇ” ಎಂದಳು ಅತ್ತಿಗೆ.

“ಆಗ್ತಿಲ್ಲ.”

“ಹಾಗಾದ್ರೆ ಇನ್ನೊಂದು ತಲೆಮಾರನ್ನೂ ಕತ್ತಲಲ್ಲೇ ಸಾಕ್ತೀಯಾ?”

ಸೊಪ್ಪಕ್ಕ ಎದ್ದು ಹುಳುಮನೆಯ ಕತ್ತಲೊಳಗೆ ಹೋಗಿ, ಡಬ್ಬಿ ತೆರೆದು, ಮೊಟ್ಟೆಯ ಕಾಗದವನ್ನು ನಡುವೆ ಹಿಡಿದು ಎರಡಾಗಿ ಹರಿದಳು. ಒಂದು ಅರ್ಧವನ್ನು ಇನ್ನೊಂದು ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿ, ಹೊರಗೆ ಬಂದು ಅತ್ತಿಗೆಯ ಕೈಗೆ ಇಟ್ಟಳು.

“ಇದು ನಿಂದು.”

“ನನಗ್ಯಾಕೇ ಈ ಹುಳದ ಗಂಟು?”

“ಒಬ್ಬಳ ಕೈಲಿದ್ರೆ ಒಬ್ಬಳ ತಪ್ಪಿಗೇ ಹೋಗುತ್ತೆ. ನಂದು ಸತ್ತರೆ ನಿಂದು ತೆಗೀಬೇಡ. ಒಳಗೇ ಇಟ್ಟು, ಆದಷ್ಟು ಉಳಿಸು. ಸೊಪ್ಪು ಹೊಳೆ ಆಚೇದೇ ಇರಲಿ.”

ಅತ್ತಿಗೆ ಡಬ್ಬಿಯನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು. ಮೈ ಜುಮ್ಮೆನ್ನುತ್ತಿದ್ದದ್ದು ಮುಖದ ಮೇಲೇ ಕಾಣುತ್ತಿತ್ತು, ಆದರೆ ಹಿಡಿತ ಸಡಿಲಿಸಲಿಲ್ಲ.

ಸೊಪ್ಪಕ್ಕ ಮುಚ್ಚಳ ತೆಗೆದಳು. ಬೆಳಕು ಕಾಗದದ ಮೇಲೆ ಬಿತ್ತು. ಮೊದಲು ಏನೂ ಆಗಲಿಲ್ಲ. ಆಮೇಲೆ ಒಂದು ಮೊಟ್ಟೆಯ ಪಕ್ಕದಲ್ಲಿ ಕಪ್ಪು ಎಳೆಯಂಥದ್ದೊಂದು ಮಿಸುಕಿತು. ಮತ್ತೊಂದು ಮಿಸುಕಿತು. ಅವಳು ಸಣ್ಣಗೆ ಹೆಚ್ಚಿದ ಎಳೆಯ ಸೊಪ್ಪನ್ನು ಉದುರಿಸಿದಳು. ಮರಿಗಳು ಅದರ ಕಡೆಗೆ ತೆವಳಿದವು. ಒಂದು ನಡುದಾರಿಯಲ್ಲಿ ನಿಂತು ತಲೆ ಎತ್ತಿ ಆಡಿಸಿತು. ಸೊಪ್ಪಕ್ಕನ ಉಗುರು ತನ್ನದೇ ಅಂಗೈಗೆ ನಾಟಿತು. ಅದು ತಲೆ ಇಳಿಸಿ ಮುಂದೆ ಹೋಗಿ, ಸೊಪ್ಪಿನ ಮೇಲೆ ಕೂತಿತು.

“ನನ್ನದೂ ತೆಗೀಲಾ?” ಎಂದಳು ಅತ್ತಿಗೆ, ಪಿಸುಮಾತಿನಲ್ಲಿ.

“ಇನ್ನೂ ಬೇಡ” ಎಂದಳು ಸೊಪ್ಪಕ್ಕ, ಕಣ್ಣು ಕೀಳದೆ. “ಬಿಸಿಲು ನೆತ್ತಿಗೆ ಬರಲಿ.”